ಹರವಿಯ ನೀರು

ಮೂವತ್ತೆರಡು ವರ್ಷ ಮಕ್ಕಳಿಂದ ನಿಬಂಧ ಬರೆಯಿಸಿದ ಬಳಿಕ ನನ್ನಲ್ಲಿ ಒಂದು ಅಭಿಪ್ರಾಯವು ಬಲವಾಗಿ ಬೇರೂರಿದೆ. ನಿಬಂಧವನ್ನು ಬರೆಯುವುದು ಅಷ್ಟೇನೂ ಕಠಿಣವಲ್ಲ. ಅದಕ್ಕೆ ವಿಷಯವನ್ನು ಆರಿಸುವುದೇ ಕಠಿಣ. ಮಾಸ್ತರರು ವಿಷಯವನ್ನು ಕೊಟ್ಟರೆ ಹುಡುಗರು ಗೊಣಗುಟ್ಟುತ್ತಲಾದರೂ ಎರಡು ಪುಟ ತುಂಬಿಸಿಕೊಡುವರು. "ನಿಮ್ಮ ಮನಸ್ಸಿಗೆ ಬಂದುದನ್ನು ಬರೆಯಿರಿ" ಎಂದು ಬಿಟ್ಟರೋ, ಅರ್ಧ ತಾಸು ಲೇಖಣಿಯ ತುದಿಯನ್ನು ಕಚ್ಚುತ್ತ ಕುಳಿತು, ಕಡೆಗೆ ನಾಲ್ವತ್ತು ಜನವೂ 'ನಮ್ಮೂರ ಜಾತ್ರೆ'ಯ ಮೇಲೆಯೇ ಬರೆದು ತರುವರು. ಆ ನಾಲ್ವತ್ತು ಜಾತ್ರೆಗಳಲ್ಲಿಯೂ ತೇರು ಒಂದೇ, ಬೆಂಡು ಬತ್ತಾಸು ಒಂದೇ, ಗದ್ದಲದಲ್ಲಿ ಕಳೆದುಹೋಗಿ ಮತ್ತೆ ಸಿಕ್ಕ ತಮ್ಮನೂ ಒಬ್ಬನೇ. ನಿವೃತ್ತನಾಗಿ ನರೋಣೆಯ ಮನೆಯಲ್ಲಿ ಕುಳಿತ ಮೇಲೆ ಈ ಜಾತ್ರೆಗಳಿಂದ ನನಗೆ ಬಿಡುಗಡೆಯಾಯಿತೆಂದು ತಿಳಿದಿದ್ದೆನು. ಆದರೆ ಈ ವರ್ಷ ಅದೇ ಕಷ್ಟವು ವೇಷವನ್ನು ಬದಲಿಸಿಕೊಂಡು ನಮ್ಮ ಪಡಸಾಲೆಗೇ ಬಂದಿತು.

ನನ್ನ ತಮ್ಮನ ಮಗಳು ಕಲಬುರಗಿಯಲ್ಲಿ ಶುಶ್ರೂಷಾ ವಿದ್ಯೆಯನ್ನು ಓದುತ್ತಿರುವಳು. ಆಕೆ ಈ ದಾರಿಯನ್ನು ಹಿಡಿದುದಕ್ಕೆ ಒಂದು ಕಾರಣವುಂಟು. 2020ರ ಮಾರ್ಚ ತಿಂಗಳಲ್ಲಿ ಕೋವಿಡ್ ಬೇನೆಯಿಂದ ಭಾರತದಲ್ಲಿಯೇ ಮೊದಲನೆಯ ಸಾವು ಸಂಭವಿಸಿದುದು ನಮ್ಮ ಕಲಬುರಗಿಯಲ್ಲಿ. ಆ ದಿನಗಳಲ್ಲಿ ಪಟ್ಟಣದಿಂದ ಬಂದವರನ್ನು ಕಂಡರೆ ನಮ್ಮ ಹಳ್ಳಿಗಳಲ್ಲಿ ಕದ ಹಾಕಿಕೊಳ್ಳುತ್ತಿದ್ದರು. ಹುಡುಗಿಯು ಆಗಿನ್ನೂ ಪ್ರೌಢಶಾಲೆಯಲ್ಲಿದ್ದಳು. ಒಂದು ರಾತ್ರಿ ವಾರ್ತೆಯನ್ನು ಕೇಳುತ್ತ, "ಎಲ್ಲಾರೂ ಹೊರಗ ಓಡೂ ಹೊತ್ತಿನ್ಯಾಗ ಒಳಗ ಹೋಗೋರು ಯಾರು, ದೊಡ್ಡಪ್ಪ?" ಎಂದು ಕೇಳಿದಳು. ನಾನು ಉತ್ತರ ಕೊಟ್ಟ ನೆನಪಿಲ್ಲ. ಉತ್ತರವನ್ನು ಆಕೆಯೇ ಕಂಡುಕೊಂಡಳೆಂದು ತೋರುತ್ತದೆ.

ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಹೊರಡಿಸಿದ ಹೊಸ ಪಠ್ಯಕ್ರಮದಲ್ಲಿ ಸೂಕ್ಷ್ಮಜೀವಿಶಾಸ್ತ್ರವನ್ನೂ ಸೋಂಕಿನ ನಿಯಂತ್ರಣವನ್ನೂ ಒಂದೇ ಪಾಠವಾಗಿ ಹೆಣೆದು, ಪದವಿಯ ಮೂರನೆಯ ಷಣ್ಮಾಸದಲ್ಲಿ ಇಟ್ಟಿರುವರು. ಹೀಗೆ ಹೆಣೆದುದು ನನಗೆ ಬಹಳ ಯೋಗ್ಯವಾಗಿ ಕಂಡಿತು. ಕ್ರಿಮಿಯ ಹೆಸರನ್ನು ಬಾಯಿಪಾಠ ಮಾಡಿದ ದಾದಿಗಿಂತ ಅದು ಯಾರ ಕೈಯಿಂದ ಯಾರ ಮೈಗೆ ಹೋಗುವದೆಂದು ಅರಿತ ದಾದಿಯೇ ರೋಗಿಗೆ ಹೆಚ್ಚು ಬೇಕಾದವಳು. ಆ ಪಾಠದ ಅಂಗವಾಗಿ ಆರಾರು ಜನ ವಿದ್ಯಾರ್ಥಿನಿಯರು ಕೂಡಿ ಒಂದು ಶೋಧವನ್ನು ಮಾಡಿ ತೋರಿಸಬೇಕೆಂದು ಅವರ ಅಧ್ಯಾಪಕಿಯವರು ವಿಧಿಸಿದರು. ವಿಷಯವನ್ನು ಆರಿಸಲು ಒಂದು ವಾರ, ಕೆಲಸವನ್ನು ಮುಗಿಸಲು ಒಂದು ತಿಂಗಳು. ವಾರದಲ್ಲಿ ಐದು ದಿನಗಳು ಜಗಳದಲ್ಲಿಯೇ ಕಳೆದುಹೋಗಲು, ಹುಡುಗಿಯು ತನ್ನ ಇಬ್ಬರು ಗೆಳತಿಯರನ್ನು ಕರೆದುಕೊಂಡು ಶನಿವಾರದ ಬಸ್ಸಿಗೆ ಊರಿಗೆ ಬಂದಳು. ಒಬ್ಬಳು ಜೇವರ್ಗಿಯ ಕಡೆಯವಳು, ಇನ್ನೊಬ್ಬಳು ಅಫಜಲಪುರದವಳು. ಉಳಿದ ಮೂವರು ದೂರವಾಣಿಯ ಮೂಲಕ ಆಗಾಗ್ಗೆ ತಮ್ಮ ಭಿನ್ನಾಭಿಪ್ರಾಯವನ್ನು ಕಳಿಸುತ್ತಿದ್ದರು.

ಜೇವರ್ಗಿಯ ಹುಡುಗಿಗೆ ಕ್ಷಯರೋಗವೇ ಬೇಕು. ಆಕೆಯ ಮನೆಯಲ್ಲಿ ಅದನ್ನು ಕಂಡಿದ್ದರು. ಹೀಗಾಗಿ ಆಕೆಯ ಹಟವನ್ನು ಹಗುರಾಗಿ ಕಾಣುವಂತಿರಲಿಲ್ಲ. ರಾಬರ್ಟ್ ಕಾಕ್ ಮಹಾಶಯನು 1882ರ ಮಾರ್ಚ 24ರಂದು ಬರ್ಲಿನ್ ಪಟ್ಟಣದಲ್ಲಿ ಕ್ಷಯದ ಜೀವಾಣುವನ್ನು ಪ್ರಕಟಪಡಿಸಿದ ಕಥೆಯನ್ನು ಆಕೆ ಚೆನ್ನಾಗಿ ಓದಿಕೊಂಡಿದ್ದಳು. ಆದರೆ ಆ ಜೀವಾಣುವಿನ ಸ್ವಭಾವವು ಮಹಾ ಸಾವಧಾನದ್ದು. ನಮ್ಮ ಕರುಳಿನಲ್ಲಿರುವ ಸಾಮಾನ್ಯ ಜೀವಾಣುವು ಅನುಕೂಲವಿದ್ದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಕ್ಷಯದ್ದು ಎರಡಾಗಲು ಹೆಚ್ಚು ಕಡಿಮೆ ಒಂದು ಹಗಲು ಬೇಕು. ಗಟ್ಟಿ ಮಾಧ್ಯಮದ ಮೇಲೆ ಅದು ಕಣ್ಣಿಗೆ ಕಾಣುವಷ್ಟು ಬೆಳೆಯಲು ಮೂರರಿಂದ ಎಂಟು ವಾರಗಳು ಹಿಡಿಯುವವು. ಇವರಿಗಿರುವುದು ನಾಲ್ಕೇ ವಾರ. ಅಲ್ಲದೆ ಅಂಥ ಜೀವಾಣುವನ್ನು ಪಾಠಶಾಲೆಯ ಕೋಣೆಯಲ್ಲಿ ಬೆಳೆಯಿಸಲು ಯಾವ ಜವಾಬುದಾರ ಅಧ್ಯಾಪಕಿಯೂ ಒಪ್ಪಲಾರಳು. ಹುಡುಗಿಯು ಇದನ್ನು ಕೇಳಿ ಸುಮ್ಮನಾದಳು.

ದೂರವಾಣಿಯ ಬಳಗದವರು ಔಷಧಕ್ಕೆ ಬಗ್ಗದ ಜೀವಾಣುಗಳ ಪಕ್ಷವನ್ನು ಹಿಡಿದಿದ್ದರು. ವಿಷಯವು ಘನವಾದುದೆಂಬುದರಲ್ಲಿ ಸಂದೇಹವಿಲ್ಲ. ಪೆನಿಸಿಲಿನ್ನನ್ನು 1928ರಲ್ಲಿ ಕಂಡ ಫ್ಲೆಮಿಂಗನೇ 1945ರಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿದ ಸಮಯದ ಭಾಷಣದಲ್ಲಿ, ಮಾತ್ರೆಗಿಂತ ಕಡಿಮೆಯಾಗಿ ಔಷಧವನ್ನು ಸೇವಿಸಿದರೆ ಜೀವಾಣುಗಳಿಗೆ ಅದನ್ನು ತಾಳಿಕೊಳ್ಳುವ ವಿದ್ಯೆಯನ್ನು ಕಲಿಸಿದಂತಾಗುವದೆಂದು ಎಚ್ಚರಿಸಿದ್ದನು. ಆದರೆ ಇದಕ್ಕೆ ರೋಗಿಗಳ ರಕ್ತ ಮೂತ್ರಗಳು ಬೇಕು, ಅವರ ಒಪ್ಪಿಗೆ ಬೇಕು, ನೀತಿಸಮಿತಿಯ ಅಪ್ಪಣೆ ಬೇಕು. ಅಪ್ಪಣೆಯು ಬರುವ ಹೊತ್ತಿಗೆ ಈ ಹುಡುಗಿಯರು ಪದವಿಯನ್ನು ಪಡೆದು ನೌಕರಿಗೆ ಹೋಗಿರುವರು.

ಇನ್ನು ಮೊಬೈಲಿನ ಮೇಲಿನ ಜೀವಾಣುಗಳೆಂಬ ವಿಷಯವೊಂದು. ಇದಕ್ಕೆ ಅಫಜಲಪುರದ ಹುಡುಗಿಯು ವಕೀಲಳು. ಆಕೆಯ ವಾದವು ಸರಳವಾಗಿತ್ತು: ಹಿಂದಿನ ವರ್ಷದವರು ಇದನ್ನೇ ಮಾಡಿರುವರು, ಅವರ ಪುಸ್ತಕವು ಝೆರಾಕ್ಸ್ ಅಂಗಡಿಯಲ್ಲಿ ಸಿದ್ಧವಾಗಿರುವದು, ಹೆಸರುಗಳನ್ನು ಬದಲಿಸಿ ರಟ್ಟು ಕಟ್ಟಿಸಿದರಾಯಿತು. ನನಗೆ ನನ್ನ ನಾಲ್ವತ್ತು ಜಾತ್ರೆಗಳು ನೆನಪಾದುವು.

ನಾನಾಗಿ ಹೇಳುವುದಾದರೆ ನನಗೆ ಬಹಳ ರುಚಿಸಿದ್ದು ಮೊಸರು. ನಮ್ಮ ತಾಯಿಯವರು ಹೆಪ್ಪು ಹಾಕುವುದನ್ನು ನೋಡಿ ನೋಡಿ ಹುಡುಗಿಗೆ ಈ ವಿಚಾರವು ಹೊಳೆದಿತ್ತು. ಹಾಲು ಹುಳಿಯಾಗುವುದು ಜೀವಂತ ಕಣಗಳ ಕೆಲಸವೆಂದು ಪಾಶ್ಚರನು 1857ರಲ್ಲಿ ಬರೆದನಷ್ಟೆ. ಅದಕ್ಕೂ ಎಷ್ಟೋ ಶತಮಾನಗಳ ಮೊದಲಿನಿಂದ ನಮ್ಮ ಹೆಣ್ಣುಮಕ್ಕಳು ನಿನ್ನೆಯ ಮೊಸರಿನ ಒಂದು ಚಮಚದಲ್ಲಿ ಆ ಕಣಗಳನ್ನು ಮನೆಯಿಂದ ಮನೆಗೆ, ತಾಯಿಯಿಂದ ಮಗಳಿಗೆ ಸಾಗಿಸುತ್ತ ಬಂದಿರುವರು. ಚಳಿಗಾಲದಲ್ಲಿ ಗಡಿಗೆಗೆ ಬಟ್ಟೆ ಸುತ್ತಿ ಒಲೆಯ ಮಗ್ಗುಲಲ್ಲಿಡುವ ಜಾಣತನಕ್ಕೆ ಯಾವ ಪದವಿಯೂ ಬೇಕಾಗಲಿಲ್ಲ. ಇದರ ಮೇಲೆ ಸುಂದರವಾದ ಪ್ರಬಂಧವಾಗುತ್ತಿತ್ತು. ಆದರೆ ಹುಡುಗಿಯೇ ಅದನ್ನು ಬದಿಗಿಟ್ಟಳು. "ಮೊಸರು ಹೆಪ್ಪಾಗತದೋ ಇಲ್ಲೋ ಅನ್ನೂದು ನಮಗ ಮೊದಲೇ ಗೊತ್ತದ, ದೊಡ್ಡಪ್ಪ. ಗೊತ್ತಿದ್ದದ್ದು ಕೇಳಿ ಏನು ಮಾಡೂದು?" ಎಂದಳು.

ಈ ಮಾತಿನಿಂದ ನನಗೆ ಚರ್ಚೆಯ ಗಂಟು ಎಲ್ಲಿರುವದೆಂದು ತಿಳಿಯಿತು. ಇವರು ಇಷ್ಟು ದಿನ ಹುಡುಕುತ್ತಿದ್ದುದು ವಿಷಯವನ್ನು, ಬೇಕಾಗಿದ್ದುದು ಪ್ರಶ್ನೆ. ಕ್ಷಯವು ವಿಷಯ, ಮೊಬೈಲು ವಿಷಯ, ಮೊಸರೂ ವಿಷಯವೇ. ಇವುಗಳ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯನ್ನು ಇಡಲು ಬರುವುದಿಲ್ಲ. ರೊನಾಲ್ಡ್ ರಾಸನು 1897ರ ಆಗಸ್ಟ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯನ್ನು ಸೀಳಿ ಮಲೇರಿಯಾದ ಪರೋಪಜೀವಿಯನ್ನು ಕಂಡನು. ಆಗ ಅದೂ ನಿಜಾಮರ ಸೀಮೆ, ನಮ್ಮ ನರೋಣೆಯೂ ನಿಜಾಮರ ಸೀಮೆ. ಅವನು 'ಮಲೇರಿಯಾ' ಎಂಬ ವಿಷಯವನ್ನು ಆರಿಸಿಕೊಂಡು ಕುಳಿತಿದ್ದರೆ ಇಂದಿಗೂ ಓದುತ್ತಲೇ ಇರುತ್ತಿದ್ದನು. ರೋಗಿಯ ರಕ್ತವನ್ನು ಕುಡಿದ ಸೊಳ್ಳೆಯ ಒಡಲಲ್ಲಿ ಆ ಪರೋಪಜೀವಿಯು ಏನಾಗುವದೆಂಬ ಒಂದೇ ಇಕ್ಕಟ್ಟಾದ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ಹೋದುದರಿಂದ ಅವನು ದಾರಿ ತಪ್ಪಲಿಲ್ಲ.

"ಹಾಗಾದರೆ ನಿಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಯಾವುದು?" ಎಂದು ಕೇಳಿದೆನು. ಮೂವರೂ ಮುಖ ಮುಖ ನೋಡಿಕೊಂಡರು. ಅಂಥದೊಂದು ಪ್ರಶ್ನೆಯು ಅವರಲ್ಲಿ ಇದ್ದೇ ಇತ್ತು, ಹೇಳಲು ಹಿಂಜರಿಯುತ್ತಿದ್ದರು. ಅವರು ಕೆಲಸ ಕಲಿಯಲು ಹೋಗುತ್ತಿದ್ದ ಒಂದು ದವಾಖಾನೆಯಲ್ಲಿ, ವೈದ್ಯರೂ ದಾದಿಯರೂ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವಾಗ ಅವರ ಕೈಗಳ ಮೇಲೆ ಏನಿರುತ್ತದೆಂದು ಅಗರ್ ತಟ್ಟೆಯ ಮೇಲೆ ಬೆರಳೊತ್ತಿಸಿ ನೋಡಬೇಕೆಂದು ಒಬ್ಬಳು ಸೂಚಿಸಿದ್ದಳಂತೆ. ಅಲ್ಲಿಯ ಹಿರಿಯರೊಬ್ಬರು ನಗುತ್ತಲೇ, "ಬೇರೆ ಏನಾದರೂ ನೋಡಿರವ್ವಾ" ಎಂದರಂತೆ. ಅಲ್ಲಿಗೆ ಆ ಮಾತು ಮುಗಿಯಿತು.

ನಾನು ಅವರಿಗೆ ವಿಯೆನ್ನಾ ಪಟ್ಟಣದ ಕಥೆಯನ್ನು ಹೇಳಿದೆನು. ಪಠ್ಯಪುಸ್ತಕದಲ್ಲಿ ಅದು ಎರಡು ಸಾಲಿನಲ್ಲಿ ಮುಗಿದಿತ್ತು. ಆದರೆ ಅದು ಎರಡು ಸಾಲಿನ ಕಥೆಯಲ್ಲ. ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಯ ವಿಭಾಗಗಳು ಎರಡಿದ್ದುವು. ಮೊದಲನೆಯದರಲ್ಲಿ ವೈದ್ಯವಿದ್ಯಾರ್ಥಿಗಳು ಕಲಿಯುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರು. ಬಾಣಂತಿಯ ಜ್ವರದಿಂದ ಸಾಯುವವರ ಸಂಖ್ಯೆಯು ಸೂಲಗಿತ್ತಿಯರ ವಿಭಾಗಕ್ಕಿಂತ ವೈದ್ಯರ ವಿಭಾಗದಲ್ಲಿ ಎರಡು ಪಟ್ಟಿಗೂ ಮಿಕ್ಕಿತ್ತು. ಊರ ಹೆಂಗಸರಿಗೆ ಇದು ತಿಳಿದಿತ್ತು. ಮೊದಲನೆಯ ವಿಭಾಗಕ್ಕೆ ಸೇರಿಸಬೇಡಿರೆಂದು ಅವರು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರು. ಪಂಡಿತರು ಮಾತ್ರ ಗಾಳಿ, ಹವೆ, ಹೆದರಿಕೆ ಮುಂತಾದ ಕಾರಣಗಳನ್ನು ಹೇಳುತ್ತಿದ್ದರು. 1847ರಲ್ಲಿ ಕೊಲ್ಲೆಚ್ಕಾ ಎಂಬ ಪ್ರಾಧ್ಯಾಪಕನು ಹೆಣವನ್ನು ಕೊಯ್ಯುವಾಗ ಶಿಷ್ಯನ ಚೂರಿಯು ಬೆರಳಿಗೆ ತಾಗಿ ತೀರಿಕೊಂಡನು. ಅವನ ಮೈಯಲ್ಲಿ ಕಂಡ ಲಕ್ಷಣಗಳು ಬಾಣಂತಿಯರಲ್ಲಿ ಕಾಣುವಂಥವೇ ಆಗಿದ್ದುವು. ಇದನ್ನು ನೋಡಿ ಸೆಮೆಲ್‌ವೈಸ್ ಎಂಬ ತರುಣ ವೈದ್ಯನಿಗೆ ದಾರಿ ಹೊಳೆಯಿತು. ವಿದ್ಯಾರ್ಥಿಗಳು ಮುಂಜಾನೆ ಹೆಣಗಳನ್ನು ಕೊಯ್ದು ಅದೇ ಕೈಗಳಿಂದ ಬಾಣಂತಿಯರನ್ನು ಪರೀಕ್ಷಿಸುತ್ತಿದ್ದರು. ಸೂಲಗಿತ್ತಿಯರು ಹೆಣಗಳನ್ನು ಮುಟ್ಟುತ್ತಿರಲಿಲ್ಲ. ಆ ಮೇ ತಿಂಗಳಿನಿಂದ ಅವನು ಎಲ್ಲರೂ ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಕಟ್ಟು ಮಾಡಿದನು. ಏಪ್ರಿಲಿನಲ್ಲಿ ನೂರಕ್ಕೆ 18.3 ಇದ್ದ ಸಾವು ಜೂನದಲ್ಲಿ 2.2ಕ್ಕೂ ಜುಲೈಯಲ್ಲಿ 1.2ಕ್ಕೂ ಇಳಿಯಿತು.

ಇಷ್ಟಾದ ಮೇಲೆ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿರಬೇಕೆಂದು ಹುಡುಗಿಯರು ತಿಳಿದರು. ಮೆರೆಸಲಿಲ್ಲ. ಎರಡು ವರ್ಷಗಳಲ್ಲಿ ಅವನ ಹುದ್ದೆಯು ಹೋಯಿತು. 1865ರಲ್ಲಿ ಅವನು ಹುಚ್ಚರ ಆಸ್ಪತ್ರೆಯಲ್ಲಿ ಸತ್ತನು. ಲೆಕ್ಕವು ತಪ್ಪೆಂದು ತೋರಿಸಲು ಯಾರಿಂದಲೂ ಆಗಿರಲಿಲ್ಲ. ಆದರೆ ಅವನ ಮಾತನ್ನು ಒಪ್ಪಿದರೆ ಆ ಸಭ್ಯ ಗೃಹಸ್ಥರು ಪ್ರತಿಯೊಬ್ಬರೂ ತಮ್ಮ ತಮ್ಮ ಕೈಗಳನ್ನು ನೋಡಿಕೊಳ್ಳಬೇಕಾಗುತ್ತಿತ್ತು. ಈ ಕೈಯಿಂದ ಎಷ್ಟು ತಾಯಂದಿರು ಹೋದರೆಂದು ಎಣಿಸಬೇಕಾಗುತ್ತಿತ್ತು. ಗಾಳಿಯನ್ನು ದೂರುವುದು ಅದಕ್ಕಿಂತ ಬಹಳ ಸುಲಭ.

ನಾವು ಹೀಗೆ ವಿಯೆನ್ನಾದಲ್ಲಿರುವಾಗ ನನ್ನ ತಾಯಿಯವರು ಒಳಗಿನಿಂದ ನೀರು ತಂದು ಹುಡುಗಿಯರ ಮುಂದಿಟ್ಟರು. ಅವರಿಗೆ ಎಂಬತ್ತು ದಾಟಿದೆ. ನೀರನ್ನು ಇಂದಿಗೂ ಹಳೆಯ ಸೀರೆಯ ತುಂಡನ್ನು ಮಡಿಸಿ ಸೋಸದೆ ಹರವಿಗೆ ಸುರಿಯಲು ಬಿಡರು. "ನಾವು ಸೋಸಲಾರದ ನೀರು ಕುಡದೇ ನಾರಾಗಿ ಕುಂತೋರು. ನಿಮಗೇನು ಗೊತ್ತು?" ಎಂದು ಸೀರೆಯ ಅಂಚನ್ನು ಸರಿಸಿ ಮೊಣಕಾಲ ಕೆಳಗಿನ ಕಲೆಯನ್ನು ತೋರಿಸಿದರು. ನಾರುಹುಣ್ಣಿನ ಹೆಸರನ್ನು ಪುಸ್ತಕದಲ್ಲಿ ಓದಿದ್ದ ಹುಡುಗಿಯರು ಅದರ ಗುರುತನ್ನು ಮನುಷ್ಯರ ಮೈಮೇಲೆ ಕಂಡುದು ಅದೇ ಮೊದಲು. ಮೆಟ್ಟಲುಬಾವಿಗೆ ಕಾಲಿಟ್ಟು ಇಳಿದು ನೀರು ತುಂಬುವ ಸೀಮೆಗಳಲ್ಲಿ ಅದು ಮನೆಮನೆಯ ಬೇನೆ. ನೀರಿನಲ್ಲಿರುವ ಅತಿ ಸಣ್ಣ ಹುಳುವಿನ ಹೊಟ್ಟೆಯಲ್ಲಿ ಅದರ ಮರಿಯು ಅಡಗಿದ್ದು, ಕುಡಿದವನ ಮೈಯಲ್ಲಿ ಒಂದು ವರ್ಷ ಬೆಳೆದು, ಕಾಲಿನಿಂದ ದಾರದಂತೆ ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯುತ್ತಿದ್ದರು. ಕರ್ನಾಟಕವೂ ಆ ಬೇನೆಯ ಸೀಮೆಗಳಲ್ಲೊಂದಾಗಿತ್ತು. ಭಾರತದ ಕೊನೆಯ ರೋಗಿಯು 1996ರಲ್ಲಿ ರಾಜಸ್ಥಾನದಲ್ಲಿ ಕಂಡನು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನಮ್ಮ ದೇಶವು ಅದರಿಂದ ಮುಕ್ತವಾಯಿತೆಂದು ಪ್ರಮಾಣಿಸಿತು. ಅದಕ್ಕೆ ಮದ್ದೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಕೆಲಸ ಮಾಡಿದುವು ಸೋಸುವ ಬಟ್ಟೆ, ಕೊಳವೆಬಾವಿ, ಮತ್ತು ಹುಣ್ಣಿನ ಕಾಲನ್ನು ನೀರಿಗಿಡದ ಕಟ್ಟುನಿಟ್ಟು.

ಜೇವರ್ಗಿಯ ಹುಡುಗಿಯು ಚಟ್ಟನೆ, "ಆದ್ರ ಆಯಿ, ಜೀವಾಣು ಸೀರಿ ಬಟ್ಟೀಲಿಂದ ಸೋಸಂಗಿಲ್ಲ, ಭಾಳ ಸಣ್ಣವಿರ್ತಾವ" ಎಂದಳು. ಅದೂ ನಿಜವೇ. ಆದರೆ ಪೂರ್ತಿ ನಿಜವಲ್ಲ. ಬಾಂಗ್ಲಾದೇಶದ ಮತ್ಲಬ್ ಎಂಬ ಪ್ರಾಂತದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ನಾಲ್ಕಕ್ಕೆ ಕಡಿಮೆಯಿಲ್ಲದಂತೆ ಮಡಿಸಿ ನೀರನ್ನು ಸೋಸಿದ ಮನೆಗಳಲ್ಲಿ ವಾಂತಿಭೇದಿಯು ನೂರಕ್ಕೆ 48ರಷ್ಟು ಕಡಿಮೆಯಾಯಿತೆಂದು ರೀಟಾ ಕಾಲ್ವೆಲ್ ಮೊದಲಾದ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿರುವರು. ಕಾಲರಾದ ಜೀವಾಣುಗಳು ನೀರಿನ ಸಣ್ಣ ಹುಳುಗಳಿಗೆ ಅಂಟಿಕೊಂಡಿರುವುದರಿಂದ ಹುಳುವು ಬಟ್ಟೆಯಲ್ಲಿ ನಿಂತರೆ ಅವೂ ಬಹುಮಟ್ಟಿಗೆ ನಿಲ್ಲುವವು. ಹೊಸ ಸೀರೆಗಿಂತ ಹಳೆಯದೇ ಮೇಲು. ಒಗೆದು ಒಗೆದು ನೂಲಿನ ಎಳೆ ಬಿಚ್ಚಿಕೊಂಡು ಅದರ ಕಂಡಿಗಳು ಸಣ್ಣವಾಗಿರುತ್ತವೆ. ಇದನ್ನು ಹೇಳಲು ನನ್ನ ತಾಯಿಯವರು ಯಾವ ಆಶ್ಚರ್ಯವನ್ನೂ ತೋರಿಸದೆ ಒಳಗೆ ಹೋದರು.

ಹುಡುಗಿಯು ಮಾತ್ರ ತಂಬಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದಳು. ನಮ್ಮಲ್ಲಿ ನಳದ ನೀರು ಹೊತ್ತು ಹೊತ್ತಿಗೆ ಬರುವುದರಿಂದ ಬಂದಾಗ ತುಂಬಿಡಬೇಕು. ಬೇಸಗೆಯಲ್ಲಿ ತಣ್ಣಗಿರಲೆಂದು ಮಣ್ಣಿನ ಹರವಿಯಲ್ಲಿ ಇಡುವರು. ಸೋಸುವುದು ಹರವಿಗೆ ಸುರಿಯುವಾಗ. ಆಮೇಲೆ ಮನೆಯ ಹತ್ತು ಜನರು ಹತ್ತು ಸಲ ತಂಬಿಗೆಯನ್ನು ಅದ್ದುವರು. ತಂಬಿಗೆಯೊಡನೆ ನಾಲ್ಕು ಬೆರಳುಗಳೂ ಅದ್ದುವವು. "ದೊಡ್ಡಪ್ಪ, ನೀರು ಕೆಡೂದು ಎಲ್ಲಿ? ನಳದಾಗೋ, ಹರವ್ಯಾಗೋ, ತಂಬಿಗ್ಯಾಗೋ?" ಎಂದು ಕೇಳಿದಳು. ಉತ್ತರವು ಅಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ. ವಿಯೆನ್ನಾದ ಕೈಗಳನ್ನು ಪರೀಕ್ಷಿಸಲು ಅಪ್ಪಣೆ ಬೇಕು. ನರೋಣೆಯ ಕೈಗಳು ಇಲ್ಲಿಯೇ ಇದ್ದುವು.

ಅಪ್ಪಣೆಯು ಇಲ್ಲಿಯೂ ಬೇಕಾಯಿತೆಂಬುದು ಅರ್ಧ ತಾಸಿನಲ್ಲಿ ತಿಳಿಯಿತು. ಅಡಿಗೆಯ ಮನೆಯಿಂದ ಎಲ್ಲವನ್ನೂ ಕೇಳುತ್ತಿದ್ದ ಅವಳ ತಾಯಿಯು ಹೊರಗೆ ಬಂದು, "ನಮ್ಮ ಮನೀ ಹರವ್ಯಾಗ ಹುಳ ಅದಾವಂತ ಊರಿಗೆಲ್ಲ ಡಂಗುರ ಹೊಡಿತೀ ಏನವಾ?" ಎಂದಳು. ಇದನ್ನು ಅಜ್ಞಾನವೆಂದು ನಕ್ಕುಬಿಡುವವರು ಸಂಸಾರವನ್ನು ಅರಿಯದವರು. ಆ ಮನೆಯ ನೀರು, ಒಲೆ, ಪಾತ್ರೆಗಳೆಲ್ಲ ಆಕೆಯ ಇಪ್ಪತ್ತು ವರ್ಷದ ಕೈಕೆಲಸ. ಬೆಳಗಿನ ಜಾವಕ್ಕೆ ಎದ್ದು, ನಳದ ಮುಂದೆ ಪಾಳಿ ಹಿಡಿದು, ಕೊಡ ಹೊತ್ತು, ಹರವಿಯನ್ನು ತಿಕ್ಕಿ ತುಂಬಿದವಳು ಆಕೆ. ಮಗಳು ಓದಿ ಬಂದು ಒಂದು ಸೀಸೆಯನ್ನು ಹಿಡಿದು, "ಅವ್ವಾ, ನಿನ್ನ ನೀರು ಹೊಲಸು" ಎಂದರೆ ಆಕೆಯ ಪಾಲಿಗೆ ಅದು ಜೀವಾಣುಶಾಸ್ತ್ರವಲ್ಲ. ಪರೀಕ್ಷೆಯಲ್ಲಿ ತನ್ನ ಕೈಗೇ ಸೊನ್ನೆ ಬಿದ್ದಂತೆ.

ಮಗಳು ಇದಕ್ಕೆ ಉತ್ತರವನ್ನು ಕೊಡಲಿಲ್ಲ. ಕಾಗದವನ್ನು ತೆಗೆದು ಲೆಕ್ಕ ಹಾಕಹತ್ತಿದಳು. ಮನೆಗೆ ಮೂರು ಸೀಸೆಗಳು. ಮೊದಲನೆಯದಕ್ಕೆ ನಳದಿಂದಲೇ ಹಿಡಿದ ನೀರು, ಎರಡನೆಯದಕ್ಕೆ ಹರವಿಯದು, ಮೂರನೆಯದಕ್ಕೆ ಕುಡಿಯಲು ತಂಬಿಗೆಯಲ್ಲಿ ತಂದುದು. ನಳದ ಸೀಸೆಯು ಮೊದಲು ಇರಬೇಕೆಂದು ಆಕೆ ಹಟ ಹಿಡಿದಳು. ಅದರ ಅರ್ಥವು ನನಗೆ ಕೂಡಲೇ ಹೊಳೆಯಿತು. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕೆಟ್ಟ ನೀರು ಕುಡಿದು ಜನರು ಸತ್ತರು. ಅಲ್ಲಿ ಹೋದ ಜೀವಗಳು ಹರವಿ ತೊಳೆಯದುದರಿಂದ ಹೋದುವಲ್ಲ. ಮನೆಗೆ ಬರುವ ಮೊದಲೇ ನೀರು ಕೆಟ್ಟಿತ್ತು. ನಳವನ್ನು ಪರೀಕ್ಷಿಸದೆ ಹರವಿಯನ್ನು ಮಾತ್ರ ಪರೀಕ್ಷಿಸಿದರೆ, ಊರ ತಪ್ಪೆಲ್ಲವೂ ಹೆಣ್ಣುಮಕ್ಕಳ ತಲೆಯ ಮೇಲೆ ಬಂದು ಕೂಡ್ರುವದು. ಈ ಸೂಕ್ಷ್ಮವನ್ನು ತಾಯಿಯೂ ಹಿಡಿದಳೆಂದು ಕಾಣುತ್ತದೆ. "ನಳದ್ದೂ ನೋಡ್ತೀರೇನು?" ಎಂದು ಕೇಳಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

ಇನ್ನು ಯಾರ ಯಾರ ಮನೆಗಳು? ಅಫಜಲಪುರದ ಹುಡುಗಿಯು, ಹತ್ತಿರವಾಗುವದೆಂದು, ಒಂದೇ ಓಣಿಯ ಹತ್ತು ಮನೆಗಳನ್ನು ಹಿಡಿಯೋಣವೆಂದಳು. ನಾನು ಇದೊಂದನ್ನು ಮಾತ್ರ ಖಂಡಿತವಾಗಿ ಬೇಡವೆಂದೆನು. ಹಳ್ಳಿಯಲ್ಲಿ ಓಣಿಯೆಂದರೆ ಬರಿಯ ಓಣಿಯಲ್ಲ. ಒಂದು ಓಣಿಯ ಸೀಸೆಗಳು ಕಪ್ಪಾದರೆ, ಅದರಿಂದ ಹುಟ್ಟುವ ಮಾತು ಸೂಕ್ಷ್ಮಜೀವಿಗಳನ್ನು ಕುರಿತದ್ದಾಗಿರುವುದಿಲ್ಲ. ಆ ಓಣಿಯ ಜನರನ್ನು ಕುರಿತದ್ದಾಗಿರುತ್ತದೆ. ರೋಗದ ಕಾಲದಲ್ಲಿ ತಪ್ಪನ್ನು ಯಾರಾದರೊಬ್ಬರ ಕೇರಿಗೆ ಹೊರಿಸುವ ರೂಢಿಯು ಬಹಳ ಹಳೆಯದು. 2020ರಲ್ಲಿಯೂ ಅದನ್ನು ಕಣ್ಣಾರೆ ಕಂಡಿದ್ದೇವೆ. ಆದುದರಿಂದ ಊರಿನ ಎಲ್ಲ ಓಣಿಗಳಿಂದಲೂ ಮನೆಗಳನ್ನು ಚೀಟಿ ಎತ್ತಿ ಆರಿಸಬೇಕು, ಸೀಸೆಗಳ ಮೇಲೆ ಹೆಸರಿಲ್ಲದೆ ಸಂಖ್ಯೆ ಮಾತ್ರ ಇರಬೇಕು, ಯಾವ ಮನೆಯ ಫಲವನ್ನು ಆ ಮನೆಯವರಿಗೆ ಮಾತ್ರ ತಿಳಿಸಬೇಕು, ನಮ್ಮ ಮನೆಯು ಚೀಟಿಯಿಲ್ಲದೆಯೇ ಸೇರಬೇಕು ಎಂದು ಗೊತ್ತಾಯಿತು. ಕಡೆಯದನ್ನು ಹುಡುಗಿಯು ತಾಯಿಯ ಮುಖವನ್ನು ನೋಡದೆ ಬರೆದುಕೊಂಡಳು.

ಪರೀಕ್ಷೆಯ ಸಾಧನವನ್ನು ಕುರಿತೂ ಎರಡು ಮಾತು ಹೇಳಬೇಕು. ಅದು ನನ್ನ ಮನಸ್ಸನ್ನು ಸೆಳೆಯಿತು. ಸಣ್ಣ ಸೀಸೆಯೊಳಗೆ ಔಷಧವನ್ನು ಹೀರಿಸಿ ಒಣಗಿಸಿದ ಕಾಗದದ ಪಟ್ಟಿಯೊಂದಿರುವದು. ನೀರನ್ನು ತುಂಬಿ ಮುಚ್ಚಿ ಒಂದೆರಡು ದಿನ ಬೆಚ್ಚಗಿಟ್ಟರೆ, ಕರುಳಿನ ಮೂಲದ ಜೀವಾಣುಗಳು ಅದರಲ್ಲಿದ್ದಲ್ಲಿ ಗಂಧಕದ ಒಂದು ಅನಿಲವನ್ನು ಹುಟ್ಟಿಸುವವು. ಆ ಅನಿಲವು ಕಾಗದದಲ್ಲಿಯ ಕಬ್ಬಿಣದೊಡನೆ ಕೂಡಿ ನೀರೆಲ್ಲ ಕಪ್ಪಾಗುವದು. ಮಂಜಾ ಮೊದಲಾದ ಭಾರತೀಯ ವಿಜ್ಞಾನಿಗಳು 1982ರಲ್ಲಿ ಇದನ್ನು ಪ್ರಕಟಿಸಿದರು. ಇದು ಅಂತಿಮ ತೀರ್ಪಲ್ಲ. ಬೇರೆ ಕೆಲವು ಜೀವಾಣುಗಳೂ ಅದೇ ಅನಿಲವನ್ನು ಹುಟ್ಟಿಸಬಲ್ಲವು. ಕುಡಿಯುವ ನೀರಿನ ನೂರು ಮಿಲಿಲೀಟರಿನಲ್ಲಿ ಕರುಳಿನ ಜೀವಾಣುವು ಒಂದೂ ಇರಕೂಡದೆಂಬ ಸರಕಾರಿ ಮಾನಕ್ಕೆ ಹಿಡಿದು ನೋಡಲು ಪ್ರಯೋಗಾಲಯದ ಪರೀಕ್ಷೆಯೇ ಆಗಬೇಕು. ಆದರೆ ಕಪ್ಪಾದ ಸೀಸೆಯನ್ನು ಓದಲು ಅಕ್ಷರ ಬರಬೇಕೆಂದಿಲ್ಲ. ನನ್ನ ತಾಯಿಯವರೂ ಓದಬಲ್ಲರು.

ಬೆಚ್ಚಗಿಡಲು ಶಾಖದ ಪೆಟ್ಟಿಗೆಯನ್ನು ಎಲ್ಲಿಂದ ತರುವುದೆಂದು ಜೇವರ್ಗಿಯ ಹುಡುಗಿಯು ಚಿಂತಿಸುತ್ತಿದ್ದಳು. ನಮ್ಮ ಚೈತ್ರಮಾಸದಲ್ಲಿ! ಮೂವತ್ತೇಳು ಅಂಶದ ಶಾಖವನ್ನು ಲೋಕದ ಪ್ರಯೋಗಾಲಯಗಳು ವಿದ್ಯುಚ್ಛಕ್ತಿಯನ್ನು ವೆಚ್ಚ ಮಾಡಿ ಹುಟ್ಟಿಸಬೇಕು. ಕಲಬುರಗಿಯ ಸೀಮೆಗೆ ಅದು ಸೂರ್ಯದೇವನ ಧರ್ಮಾರ್ಥವಾದ ದತ್ತಿ. ಕಾಕ್ ಮಹಾಶಯನ ಕಾಲದಲ್ಲಿ ಜೀವಾಣುಗಳನ್ನು ಜೆಲಾಟಿನ್ ಎಂಬ ಅಂಟಿನ ಮೇಲೆ ಬೆಳೆಯಿಸುತ್ತಿದ್ದರು. ಬೇಸಗೆ ಬಂದರೆ ಅದು ಕರಗಿ ನೀರಾಗುತ್ತಿತ್ತು. ಅವನ ಸಹಾಯಕನಾಗಿದ್ದ ಹೆಸ್ಸೆಯ ಹೆಂಡತಿ ಫ್ಯಾನಿಯು, ತಾನು ಅಡಿಗೆಯಲ್ಲಿ ಬಳಸುತ್ತಿದ್ದ ಅಗರ್ ಎಂಬ ಸಮುದ್ರದ ಪಾಚಿಯ ಸಾರವು ಬಿಸಿಲಿಗೆ ಕರಗುವುದಿಲ್ಲವೆಂದು ಸೂಚಿಸಿದಳು. ಇಂದಿಗೂ ಲೋಕದ ಸೂಕ್ಷ್ಮಜೀವಿಶಾಸ್ತ್ರವೆಲ್ಲ ಆ ಅಡಿಗೆಯ ಮನೆಯ ತಟ್ಟೆಯ ಮೇಲೆಯೇ ನಿಂತಿರುವದು. ಬಾಗಿಲಲ್ಲಿ ನಿಂತಿದ್ದವಳಿಗೆ ಕೇಳಿಸಲೆಂದು ನಾನು ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆನು.

ಒಂದು ತೊಡಕು ಉಳಿಯಿತು. ಮೊದಲೇ ಹೇಳಿ ಹೋದರೆ ಎಲ್ಲರೂ ಹರವಿಗಳನ್ನು ತಿಕ್ಕಿ, ಹಬ್ಬದ ನೀರನ್ನು ಸೀಸೆಗೆ ಕೊಡುವರು. ಹೇಳದೆ ಹೋದರೆ ಅದು ಕಳ್ಳತನವಾಗುವದು. ಈ ಬಗ್ಗೆ ಮೂವರೂ ರಾತ್ರಿ ಊಟವಾದ ಮೇಲೂ ವಾದಿಸಿದರು. ಕಡೆಗೆ, ಎಲ್ಲವನ್ನೂ ತಿಳಿಸಿ ಒಪ್ಪಿಗೆ ಪಡೆಯುವುದು. ಮೊದಲನೆಯ ಸಲ ಹೇಳಿದ ದಿನಕ್ಕೆ ಹೋಗುವುದು. ಎರಡನೆಯ ಸಲ ಹದಿನೈದು ದಿನಗಳೊಳಗೆ ಯಾವಾಗಲಾದರೂ ಬರುವೆವೆಂದು ಹೇಳಿಯೇ ಬರುವುದು ಎಂದು ನಿಶ್ಚಯಿಸಿದರು. ಕೆಟ್ಟ ನೀರು ಕಂಡ ಮನೆಯಿಂದ ಬರಿಗೈಯಿಂದ ಬರಬಾರದೆಂದು ಜೇವರ್ಗಿಯ ಹುಡುಗಿಯು ಸೇರಿಸಿದಳು: ಉದ್ದ ಹಿಡಿಕೆಯ ಸೌಟನ್ನು ಇಡುವುದು, ಹರವಿಗೆ ಮುಚ್ಚಳ ಹಾಕುವುದು, ನೀರನ್ನು ಕುದಿಸುವುದು ಇಲ್ಲವೆ ಕ್ಲೋರಿನ್ ಗುಳಿಗೆಯನ್ನು ಹಾಕುವುದು, ಇವನ್ನು ತೋರಿಸಿ ಬರಬೇಕು. ಸೆಮೆಲ್‌ವೈಸನ ತೊಟ್ಟಿಯಲ್ಲಿದ್ದ ಸುಣ್ಣವೂ ನಮ್ಮ ಬಾವಿಗೆ ಹಾಕುವ ಬಿಳಿಯ ಪುಡಿಯೂ ಒಂದೇ ಜಾತಿಯವು ಎಂಬುದನ್ನು ಅವಳೇ ಕಂಡುಹಿಡಿದು ಹಿಗ್ಗಿದಳು.

ಅಧ್ಯಾಪಕಿಯವರು ವಿಷಯವನ್ನು ಒಪ್ಪಿದರು. ಆದರೆ ಪುಸ್ತಕದ ಮೇಲೆ ಇಂಗ್ಲಿಷಿನಲ್ಲಿ ಭಾರವಾದ ಶಿರೋನಾಮೆಯಿರಬೇಕೆಂದೂ ಕಪ್ಪಾದ ಪ್ರತಿಯೊಂದು ಸೀಸೆಯ ನೀರನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ಮತ್ತೆ ಪರೀಕ್ಷಿಸಬೇಕೆಂದೂ ವಿಧಿಸಿದರು. ಎರಡನೆಯದು ನ್ಯಾಯವಾದುದೇ. ಮೊದಲನೆಯದಕ್ಕಾಗಿ ಹುಡುಗಿಯರು ಭಾರವಾದುದನ್ನು ಮೇಲೆ ಬರೆದು, ಅದರ ಕೆಳಗೆ 'ನೀರು ಕೆಡುವುದು ಎಲ್ಲಿ?' ಎಂದು ಕನ್ನಡದಲ್ಲಿ ದಪ್ಪಕ್ಷರದಿಂದ ಬರೆದಿರುವರು. ಅಕ್ಷರವನ್ನು ತಿದ್ದಿಕೊಟ್ಟವನು ನಾನು.

ಸೀಸೆಗಳ ಪೆಟ್ಟಿಗೆಯು ಬಂದು ಪಡಸಾಲೆಯ ಮೂಲೆಯಲ್ಲಿ ಕುಳಿತಿದೆ. ಬರುವ ಆದಿತ್ಯವಾರ ಮೊದಲನೆಯ ಸುತ್ತು. ನಿನ್ನೆ ಸಾಯಂಕಾಲ ಹುಡುಗಿಯ ತಾಯಿಯು ಹರವಿಯ ಮುಂದೆ ತೆಂಗಿನ ನಾರನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದು, ಕಡೆಗೆ ಮಗಳಿಗೆ ಫೋನು ಮಾಡಿ, ಶನಿವಾರ ಹರವಿ ತಿಕ್ಕಬಹುದೋ ಬಾರದೋ ಎಂದು ಕೇಳಿದಳು. "ಪ್ರತಿ ಶನಿವಾರ ಏನು ಮಾಡ್ತೀ, ಅದನ್ನ ಮಾಡವ್ವಾ" ಎಂಬ ಉತ್ತರವು ನನಗೂ ಕೇಳಿಸಿತು.